ಇಸ್ಕರಿಯೋತ ಯೂದ: ಹಳೆಯ ಬರಹಗಳು, ಬಾಖ್, ಸೂಪರ್‌ಸ್ಟಾರ್. 2 ಗಂಟೆಯ ಕೂಟಕ್ಕೆ ಯಾವುದನ್ನು ಆರಿಸುವುದು?

ತಾಳೆಗರಿ ಕೇಳಿದ್ದು:

ತಪಸ್ಸುಕಾಲದಲ್ಲಿ ಇಸ್ಕರಿಯೋತ ಯೂದನನ್ನು ಕುರಿತು ಒಂದು ಓದು-ಕೇಳು ಕೂಟ ನಡೆಸಬೇಕಿದೆ. ಇರುವುದು 2 ಗಂಟೆ, ಬರುವವರು 20–25 ಜನ. ಅರ್ಧದಷ್ಟು ಮಂದಿಗೆ ಕನ್ನಡ ಬೈಬಲ್ ಚೆನ್ನಾಗಿ ಗೊತ್ತು. ಉಳಿದವರಿಗೆ ‘30 ಬೆಳ್ಳಿ ನಾಣ್ಯಕ್ಕೆ ಗುರುವನ್ನು ಮಾರಿದವನು’ ಎಂಬುದಕ್ಕಿಂತ ಹೆಚ್ಚೇನೂ ಗೊತ್ತಿಲ್ಲ. ಪಾಶ್ಚಾತ್ಯ ಸಂಗೀತದ ಸ್ಟಾಫ್ ನೊಟೇಶನ್ ಓದಬಲ್ಲವರು ಯಾರೂ ಇಲ್ಲ ಎಂದೇ ಇಟ್ಟುಕೊಳ್ಳಿ.

‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಎಂಬ ರಾಕ್ ಸಂಗೀತನಾಟಕದ ಯೂದ ನೇರವಾಗಿ ‘ಯೂದನ ಸುವಾರ್ತೆ’ಯಿಂದ ಬಂದವನು ಎಂದು ವಾಟ್ಸ್ಯಾಪಿನಲ್ಲಿ ಒಂದು ಟಿಪ್ಪಣಿ ಓಡಾಡುತ್ತಿದೆ. ಇದು ನಿಜವೇ? ಆ ಸುವಾರ್ತೆಯಲ್ಲಿ ಯೂದ ನಾಯಕನೋ ಅಲ್ಲವೋ ಎಂಬುದೂ ಬಗೆಹರಿಯುತ್ತಿಲ್ಲ. ಇಂಗ್ಲಿಷಿನ ಎರಡು ಅನುವಾದಗಳು ಒಂದಕ್ಕೊಂದು ಉಲ್ಟಾ ಹೇಳುತ್ತವೆ. ಮತ್ತಾಯನ ಸುವಾರ್ತೆಯಲ್ಲಿರುವ ಯೇಸುವಿನ ಯಾತನೆಯ ಕಥೆಯನ್ನು ಹಾಡಾಗಿಸಿದ ಬಾಖ್‌ನ ಮತ್ತಾಯ ಪ್ಯಾಶನ್ ಪೂರ್ತಿ ಕೇಳಿಸಲು ಎರಡೂವರೆ ಗಂಟೆಯೂ ಸಾಲದು. ಯೂದನಿಗೆ ಸಂಬಂಧಿಸಿದ ಯಾವ ಭಾಗಗಳನ್ನು ಎತ್ತಿಕೊಂಡರೆ ಸಾಕು? ಇನ್ನೊಂದು, ಹಂಚುವ ಕನ್ನಡ ಹಾಳೆಯಲ್ಲಿ ‘ದ್ರೋಹ ಬಗೆದ’ ಎನ್ನಬೇಕೋ, ‘ಹಿಡಿದುಕೊಟ್ಟ’ ಎನ್ನಬೇಕೋ, ‘ಒಪ್ಪಿಸಿದ’ ಎನ್ನಬೇಕೋ?

ಹಳೇಹಾಳೆ ಉತ್ತರ:

ಟಿಪ್ಪಣಿ ತಪ್ಪು. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಸೂಪರ್‌ಸ್ಟಾರ್ ಆಲ್ಬಮ್ ಬಂದದ್ದು 1970ರಲ್ಲಿ, ಬ್ರಾಡ್‌ವೇ ರಂಗವೇರಿದ್ದು 1971ರ ಅಕ್ಟೋಬರ್ 12ರಂದು. ಯೂದನ ಸುವಾರ್ತೆ ಇರುವ ಪಪೈರಸ್ ಪುಸ್ತಕ ಈಜಿಪ್ಟಿನ ಅಲ್ ಮಿನ್ಯಾ ಸೀಮೆಯಲ್ಲಿ ಸಿಕ್ಕಿದ್ದು 1970ರ ದಶಕದಲ್ಲಿ. ಹಳೆಯ ವಸ್ತು ಮಾರುವವರ ಕೈಯಿಂದ ಕೈಗೆ ಹೋಗಿ, ನ್ಯೂಯಾರ್ಕ್ ಸಮೀಪದ ಹಿಕ್ಸ್‌ವಿಲ್‌ನಲ್ಲಿ ಒಂದು ಬ್ಯಾಂಕ್ ಲಾಕರಿನೊಳಗೆ 16 ವರ್ಷ ಬಿದ್ದಿತ್ತು. ಆಮೇಲೆ ಅದನ್ನು ಫ್ರೀಜರಿನಲ್ಲೂ ಇಟ್ಟರು. ಪಪೈರಸ್‌ಗೆ ಅದಕ್ಕಿಂತ ಕೆಟ್ಟದ್ದಿಲ್ಲ: ನಾರಿನೊಳಗಿನ ತೇವ ಹೆಪ್ಪುಗಟ್ಟಿ ಕರಗುವಾಗ ನಾರು ಬಿಟ್ಟುಕೊಳ್ಳುತ್ತದೆ, ಹಾಳೆ ಮುಟ್ಟಿದರೆ ಉದುರುತ್ತದೆ. ರೊಡಾಲ್ಫ್ ಕಾಸರ್, ಫ್ಲಾರೆನ್ಸ್ ಡಾರ್ಬ್ರೆ, ಗ್ರೆಗೋರ್ ವುರ್ಸ್ಟ್ ಚೂರುಗಳನ್ನು ಜೋಡಿಸಿದ ಮೇಲೆ ಅದು ಲೋಕಕ್ಕೆ ಓದಲು ಸಿಕ್ಕಿದ್ದು 2006ರ ಏಪ್ರಿಲ್‌ನಲ್ಲಿ, ನ್ಯಾಷನಲ್ ಜಿಯಾಗ್ರಫಿಕ್ ಮೂಲಕ.

1970ರಲ್ಲಿ ಈ ಪುಸ್ತಕದ ಬಗ್ಗೆ ಗೊತ್ತಿದ್ದುದು ಅದನ್ನು ಖಂಡಿಸಿದವರು ಬರೆದಿಟ್ಟ ಸಾಲುಗಳಷ್ಟೇ. ಲಿಯೋನ್‌ನ ಬಿಷಪ್ ಐರೇನಿಯಸ್ ಸುಮಾರು 180ರಲ್ಲಿ ಪಾಷಂಡ ಮತಗಳ ವಿರುದ್ಧ ಬರೆದ ಗ್ರಂಥದ ಮೊದಲ ಸಂಪುಟದ 31ನೆಯ ಅಧ್ಯಾಯದಲ್ಲಿ, ಕಾಯಿನನನ್ನೂ ಏಸಾವನನ್ನೂ ಕೊಂಡಾಡುವ ಒಂದು ಪಂಥವಿದೆ, ಸತ್ಯ ತಿಳಿದವನು ಯೂದನೊಬ್ಬನೇ ಎಂದು ಅವರು ಹೇಳುತ್ತಾರೆ, ‘ಯೂದನ ಸುವಾರ್ತೆ’ ಎಂಬ ಕಟ್ಟುಕತೆ ಅವರ ಬಳಿ ಇದೆ ಎನ್ನುತ್ತಾನೆ. ಸೂಪರ್‌ಸ್ಟಾರ್‌ನ ಹಾಡುಗಳನ್ನು ಬರೆದ ಟಿಮ್ ರೈಸ್‌ಗೆ ಕಿಡಿ ಹತ್ತಿದ್ದು ಇಲ್ಲಿಂದಲ್ಲ. ಬಾಬ್ ಡಿಲನ್‌ನ 1960ರ ದಶಕದ ಹಾಡೊಂದರಲ್ಲಿ, ಯೂದನ ಪಕ್ಕದಲ್ಲೂ ದೇವರಿದ್ದನೇ ಎಂದು ಕೇಳುಗರನ್ನೇ ಕೇಳುವ ಸಾಲಿದೆ. ಅದು ತನ್ನನ್ನು ಕಾಡಿತೆಂದು ರೈಸ್ ಹೇಳಿದ್ದಾನೆ.

ಆದರೆ ಆ ಪ್ರಶ್ನೆಗೂ ಬೇರೊಂದು ಹಳೆಯ ಬೇರಿದೆ. ಕೂಟದಲ್ಲಿ ಇದನ್ನು ದಯವಿಟ್ಟು ಬಿಡಬೇಡಿ. 2ನೆಯ ಶತಮಾನದ ಕೊನೆಯ ಭಾಗದಲ್ಲಿ ಸೆಲ್ಸಸ್ ಎಂಬ ಗ್ರೀಕ್ ಚಿಂತಕ ಕ್ರೈಸ್ತರನ್ನು ಕೇಳಿದ: ನಿಮ್ಮ ಯೇಸು ದೇವರಾಗಿದ್ದು, ಹೀಗಾಗುತ್ತದೆಂದು ಮುಂಚೆಯೇ ನುಡಿದಿದ್ದರೆ ಅದು ಆಗಲೇಬೇಕಿತ್ತು, ಹಾಗಾದರೆ ಜತೆಯಲ್ಲಿ ಕೂತು ಉಂಡವನನ್ನು ಪಾಪಕ್ಕೆ ತಳ್ಳಿದ್ದು ಆ ದೇವರೇ ತಾನೇ? ಸುಮಾರು 248ರಲ್ಲಿ ಓರಿಜೆನ್ ಎಂಬ ಕ್ರೈಸ್ತ ಪಂಡಿತ ಇದಕ್ಕೆ ಉತ್ತರಿಸಿದ: ಮುಂಚೆ ತಿಳಿದಿರುವುದು ಬೇರೆ, ಕಾರಣವಾಗುವುದು ಬೇರೆ. ಅದಕ್ಕೆ ಅವನು ಎತ್ತಿಕೊಂಡ ಉದಾಹರಣೆ ಬೈಬಲಿನದಲ್ಲ, ಹುಟ್ಟುವ ಮಗನೇ ನಿನ್ನನ್ನು ಕೊಲ್ಲುತ್ತಾನೆಂದು ಲಾಯಸ್ ರಾಜನಿಗೆ ನುಡಿದ, ಗ್ರೀಕರದೇ ಆದ ಕಣಿ. ಅದೇ ಓರಿಜೆನ್ ಇನ್ನೊಂದೆಡೆ, ನಾಣ್ಯಗಳನ್ನು ವಾಪಸು ಎಸೆದು ಪಶ್ಚಾತ್ತಾಪಪಟ್ಟ ಯೂದನಲ್ಲಿ ಗುರುವಿನ ಬೋಧೆ ಅಷ್ಟಿಷ್ಟು ಉಳಿದಿತ್ತು, ಅವನ ಮನಸ್ಸು ಎರಡಾಗಿತ್ತು ಎಂದು ಬರೆಯುತ್ತಾನೆ. ಯೂದನನ್ನು ಒಳಗಿನಿಂದ ನೋಡುವ ಪ್ರಯತ್ನಕ್ಕೆ ಆಗಲೇ 1,700 ವರ್ಷ ದಾಟಿದೆ.

ಇನ್ನು ಅನುವಾದದ ಜಗಳ. ಯೂದನ ಸುವಾರ್ತೆಯಲ್ಲಿ ಉಳಿದಿರುವುದು ಕಾಪ್ಟಿಕ್, ಅಂದರೆ ಈಜಿಪ್ಟಿನ ಕ್ರೈಸ್ತರ ಹಳೆಯ ಭಾಷೆಯ ಪ್ರತಿ. ಮೂಲ ಗ್ರೀಕ್ 2ನೆಯ ಶತಮಾನದ್ದು. ಕಾರ್ಬನ್ ಪರೀಕ್ಷೆ ಹಾಳೆಗಳಿಗೆ ಕ್ರಿ.ಶ. 280, ಹೆಚ್ಚು-ಕಡಿಮೆ 60 ವರ್ಷ ಎಂದು ಕೊಟ್ಟಿತು. ಸುವಾರ್ತೆ ಇರುವುದು ಪುಸ್ತಕದ 33ರಿಂದ 58ನೆಯ ಪುಟದವರೆಗೆ. ಜಗಳವೆಲ್ಲ ಮುಖ್ಯವಾಗಿ ಮೂರು ಕಡೆ. 44ನೆಯ ಪುಟದಲ್ಲಿ ಯೇಸು ಯೂದನನ್ನು ‘13ನೆಯ ದೈಮೋನ್’ ಎಂದು ಕರೆಯುತ್ತಾನೆ. 2006ರ ಅನುವಾದ ಅದನ್ನು ‘ಆತ್ಮ’ ಎಂದಿತು. ಏಪ್ರಿಲ್ ಡಿಕೋನಿಕ್ ಎಂಬ ವಿದ್ವಾಂಸೆ 2007ರಲ್ಲಿ, ಕ್ರೈಸ್ತ ಬರಹಗಳಲ್ಲಿ ಆ ಪದಕ್ಕೆ ದುಷ್ಟಶಕ್ತಿ ಎಂಬರ್ಥವೇ ಇರುವುದು ಎಂದು ಆಕ್ಷೇಪಿಸಿದರು. 46ನೆಯ ಪುಟದಲ್ಲಿ ಯೂದ ಪವಿತ್ರ ಕುಲ‘ಕ್ಕಾಗಿ’ ಬೇರ್ಪಟ್ಟವನೋ, ಪವಿತ್ರ ಕುಲ‘ದಿಂದ’ ಬೇರ್ಪಟ್ಟವನೋ? ನಮ್ಮಲ್ಲಾದರೆ ಒಂದು ವಿಭಕ್ತಿ ಪ್ರತ್ಯಯ ಬದಲಾದರೆ ಮುಗಿಯಿತು, ನಾಯಕ ಭ್ರಷ್ಟನಾಗುತ್ತಾನೆ. ಅದರ ಬೆನ್ನಿಗೇ ಬರುವ ವಾಕ್ಯದಲ್ಲಿ ಯೂದ ಆ ಕುಲದತ್ತ ಏರುತ್ತಾನೆಂದು ಮೊದಲ ಅನುವಾದ ಓದಿತ್ತು. ಆಮೇಲಿನ ವಿಮರ್ಶಾತ್ಮಕ ಆವೃತ್ತಿಯಲ್ಲಿ ‘ಏರುವುದಿಲ್ಲ’ ಎಂದು ತಿದ್ದಿದರು.

ಎಲ್ಲರೂ ಉಲ್ಲೇಖಿಸುವ ಸಾಲು 56ನೆಯ ಪುಟದ್ದು: “ನೀನು ಅವರೆಲ್ಲರನ್ನೂ ಮೀರುವೆ, ಏಕೆಂದರೆ ನನ್ನನ್ನು ಹೊದ್ದಿರುವ ಮನುಷ್ಯನನ್ನು ನೀನು ಬಲಿ ಕೊಡುವೆ.” ಇದನ್ನು ಒಂಟಿಯಾಗಿ ಓದಿದರೆ ಹೊಗಳಿಕೆಯಂತೆ ಕೇಳುತ್ತದೆ. ಆದರೆ ಅದರ ಹಿಂದೆ ಇರುವುದು ಸಕ್ಲಾಸ್ ಎಂಬ ಕೀಳು ದೇವತೆಗೆ ಬಲಿ ಕೊಡುವವರ ಮಾತು. ಆಮೇಲೆ ಕೆಲವು ಸಾಲು ಹರಿದುಹೋಗಿವೆ. ಹರಿದ ಜಾಗ ಮುಗಿಯುತ್ತಿದ್ದಂತೆ ‘ಕೆಟ್ಟದ್ದೆಲ್ಲ’ ಎಂಬ ಪದ. ಅದಾದ ಮೇಲೆ ‘ನೀನು ಅವರೆಲ್ಲರನ್ನೂ ಮೀರುವೆ’. ಮೀರುವುದು ಒಳಿತಿನಲ್ಲೋ ಕೆಡುಕಿನಲ್ಲೋ ಎಂಬುದು ಆ ತೂತಿನಲ್ಲಿ ಕಳೆದುಹೋಗಿದೆ. ಹಾಳೆಯಲ್ಲಿ ಈ ಪುಟವನ್ನು ಅಚ್ಚು ಹಾಕುವಾಗ ಹರಿದಿರುವಷ್ಟು ಜಾಗವನ್ನು ಖಾಲಿಯೇ ಬಿಡಿ. ಮೂರು ಚುಕ್ಕೆ ಇಟ್ಟರೆ ಓದುವವರ ಕಣ್ಣು ಅದನ್ನು ಹಾರಿಬಿಡುತ್ತದೆ.

ಕಡಲತಡಿ ಉತ್ತರ:

ಹಳೇಹಾಳೆಯವರ ಮಾತಿಗೆ ಸ್ವಲ್ಪ ಸೇರಿಸಬೇಕಿದೆ. ‘ದೈಮೋನ್’ ಎಂದರೆ ದೆವ್ವ ಎಂದು ಮುಗಿಸಿಬಿಟ್ಟರೆ ಆಚೆ ತುದಿಗೆ ಹೋದಂತಾಗುತ್ತದೆ. ಪ್ಲೇಟೋನ ಗ್ರೀಕಿನಲ್ಲಿ ಅದು ದೇವರಿಗೂ ಮನುಷ್ಯರಿಗೂ ನಡುವಿನ ಶಕ್ತಿ. ಸಾಕ್ರೆಟಿಸನನ್ನು ಎಚ್ಚರಿಸುತ್ತಿದ್ದ ಒಳದನಿಗೂ ಅದೇ ಬೇರಿನ ಪದ. ವಿದ್ವಾಂಸೆಯರಾದ ಎಲೇನ್ ಪೇಗೆಲ್ಸ್ ಮತ್ತು ಕ್ಯಾರೆನ್ ಕಿಂಗ್ 2007ರಲ್ಲಿ, ಈ ಪಠ್ಯದ ಸಿಟ್ಟು ಇರುವುದು ಹುತಾತ್ಮರ ಸಾವನ್ನು ದೇವರಿಗೆ ಪ್ರಿಯವಾದ ಬಲಿ ಎಂದು ಬೋಧಿಸುತ್ತಿದ್ದ ಮುಖಂಡರ ಮೇಲೆ ಎಂದು ವಾದಿಸಿದರು. ಹನ್ನೆರಡು ಪುರೋಹಿತರು ಗುಡಿಯಲ್ಲಿ ಬಲಿ ಕೊಡುವ ಕನಸನ್ನು ಶಿಷ್ಯರು ಹೇಳಿದಾಗ “ಆ ಪುರೋಹಿತರು ನೀವೇ” ಎಂದು ಯೇಸು ಹೇಳುವ ಭಾಗವನ್ನು ಅವರ ಓದು ಚೆನ್ನಾಗಿ ಬಿಡಿಸುತ್ತದೆ. ಯೂದನಿಗೆ ಏನಾಯಿತೆಂಬುದಕ್ಕಿಂತ ಆ ಹನ್ನೆರಡು ಮಂದಿಯ ಮೇಲಿನ ದೂರೇ ಈ ಪುಸ್ತಕದಲ್ಲಿ ಬಹಳ ಸ್ಪಷ್ಟ.

ಕನ್ನಡಕ್ಕೆ ತರುವಾಗ ಒಂದು ಎಚ್ಚರ. ನಮ್ಮ ಬೈಬಲಿನ ‘ದೆವ್ವ’ ಹಾಕಿದರೆ ತೀರ್ಪು ಕೊಟ್ಟಂತೆ. ‘ಆತ್ಮ’ ಎಂದರೂ ಅಷ್ಟೇ, ತೀರ್ಪು ಮಾತ್ರ ಉಲ್ಟಾ. ತುಳುನಾಡಿನವರಿಗೆ ‘ಭೂತ’, ‘ದೈವ’ ಎಂದರೆ ಭಯಭಕ್ತಿಯಿಂದ ನಡೆದುಕೊಳ್ಳಬೇಕಾದ ಶಕ್ತಿ. ಘಟ್ಟದ ಮೇಲಿನವರಿಗೆ ‘ಭೂತ’ ಎಂದರೆ ಪಿಶಾಚಿ. ಗ್ರೀಕಿನ ಪದಕ್ಕೂ ಹೀಗೆಯೇ ಎರಡು ಮುಖ. ಹೋಲಿಕೆಯನ್ನು ಬಾಯಲ್ಲಿ ಹೇಳಿ, ಕೇಳುವವರಿಗೆ ತಟ್ಟನೆ ಅರ್ಥವಾಗುತ್ತದೆ. ಹಾಳೆಯಲ್ಲಿ ಮಾತ್ರ ‘ದೈಮೋನ್’ ಎಂದೇ ಇಡಿ. ದೈವಾರಾಧನೆಯ ಲೋಕವನ್ನು ಈ ಪಠ್ಯದೊಳಗೆ ಎಳೆದುತರುವುದು ಎರಡಕ್ಕೂ ಸಲ್ಲದು.

ನಾಲ್ಕುದನಿ ಉತ್ತರ:

ಬಾಖ್‌ನ ಮತ್ತಾಯ ಪ್ಯಾಶನ್ ಮೊದಲು ಹಾಡಲ್ಪಟ್ಟದ್ದು 1727ರ ಏಪ್ರಿಲ್ 11ರ ಶುಭ ಶುಕ್ರವಾರ, ಲೈಪ್‌ಜಿಗ್‌ನ ಸಂತ ಥಾಮಸ್ ಚರ್ಚಿನಲ್ಲಿ. ಬೈಬಲ್ ವಾಕ್ಯಗಳ ನಡುವಿನ ಪದ್ಯಗಳು ಪಿಕಾಂಡರ್ ಎಂಬ ಕಾವ್ಯನಾಮದ ಹೆನ್ರಿಚಿಯವು. ನಿಮಗೆ ಬೇಕಾದ್ದು ಈಗ ಹೆಚ್ಚಿನ ಸಿ.ಡಿ.ಗಳಲ್ಲಿ ಬಳಸುವ 68 ಸಂಖ್ಯೆಗಳ ಲೆಕ್ಕದಲ್ಲಿ 9ರಿಂದ 11, 27ರ ಎರಡನೆಯ ಭಾಗ, 41 ಮತ್ತು 42. ಹಳೆಯ ರೆಕಾರ್ಡುಗಳಲ್ಲಿ 78ರ ಲೆಕ್ಕ ಇರುತ್ತದೆ, ಸಂಖ್ಯೆ ತಾಳೆಯಾಗುವುದಿಲ್ಲ. ಜರ್ಮನ್ ಮೊದಲ ಸಾಲನ್ನು ನೋಡಿಕೊಂಡೇ ಆರಿಸಿ.

9ರಿಂದ 11ರವರೆಗೆ ನಿಲ್ಲಿಸದೆ ಕೇಳಿಸಬೇಕು. ಕೂಟದಲ್ಲಿ ಒಂದೇ ಒಂದು ತುಣುಕಿಗೆ ಸಮಯವಿದ್ದರೂ ಇದನ್ನೇ ಹಾಕಿ. ಮೇಜಿನ ಸುತ್ತ ಕೂತವರಿಗೆ ಯೇಸು ‘ನಿಮ್ಮಲ್ಲೊಬ್ಬನು’ ಎನ್ನುತ್ತಾನೆ. ಶಿಷ್ಯರು ಗಾಬರಿಯಾಗಿ ‘ಕರ್ತನೇ, ನಾನೋ?’ ಎಂದು ಒಬ್ಬರ ಮೇಲೊಬ್ಬರು ಬಿದ್ದು ಕೇಳುತ್ತಾರೆ. ಆ ಪುಟ್ಟ ಮೇಳದಲ್ಲಿ ‘ಹೆರ್’, ಅಂದರೆ ಕರ್ತನೇ ಎಂಬ ಪದ 11 ಸಲ ಬರುತ್ತದೆ. ಶಿಷ್ಯರು 12; ಒಬ್ಬ ಸುಮ್ಮನಿದ್ದಾನೆ. ದನಿಗಳು ಒಂದರ ಮೇಲೊಂದು ಹತ್ತುವುದರಿಂದ ಮೊದಲ ಸಲಕ್ಕೆ ಎಣಿಸಲು ಆಗುವುದಿಲ್ಲ, ತುಣುಕು ಕೆಲವೇ ಸೆಕೆಂಡುಗಳದ್ದು. ಎರಡು-ಮೂರು ಸಲ ಹಾಕಿ, ಸ್ಕೋರಿನ ಆ ಅರ್ಧ ಪುಟವನ್ನು ಪರದೆ ಮೇಲೆ ತೋರಿಸಿ, ‘ಹೆರ್’ ಇರುವ ಕಡೆಯೆಲ್ಲ ಕೆಂಪು ಗುರುತು ಮಾಡಿಡಿ. ನೊಟೇಶನ್ ಬಾರದವರೂ ಕೆಂಪು ಎಣಿಸಬಲ್ಲರು.

ಈಗ ಮುಖ್ಯವಾದದ್ದು. ಬೈಬಲಿನಲ್ಲಿ ಇದಾದ ಮೇಲೆ ಯೇಸುವಿನ ಉತ್ತರ ಬರಬೇಕು. ಬಾಖ್ ಅಲ್ಲಿ ಕಥೆ ನಿಲ್ಲಿಸಿ, ಲೈಪ್‌ಜಿಗ್‌ನ ಸಭೆಗೆ ಬಾಯಿಪಾಠವಿದ್ದ ಒಂದು ಕೊರಾಲ್, ಅಂದರೆ ಚರ್ಚಿನ ಸಾಮೂಹಿಕ ಗೀತೆ ಇಡುತ್ತಾನೆ. ಪೌಲ್ ಗೆರ್‌ಹಾರ್ಟ್‌ನ ಆ ಚರಣ ಶುರುವಾಗುವುದೇ ‘ನಾನೇ, ಶಿಕ್ಷೆ ಅನುಭವಿಸಬೇಕಾದವನು ನಾನೇ’ ಎಂದು. ಇದು ಮುಗಿದ ಮೇಲೆ, 11ರಲ್ಲಿ, ಯೂದ ‘ನಾನೋ, ರಬ್ಬೀ?’ ಎಂದು ಕೇಳುತ್ತಾನೆ. ಅವನು ಕೇಳುವ ಹೊತ್ತಿಗೆ ಸಭೆ ಆಗಲೇ ತಪ್ಪು ಒಪ್ಪಿಕೊಂಡಾಗಿದೆ. ಯೇಸು ಮಾತಾಡುವಾಗಲೆಲ್ಲ ಸುತ್ತ ತಂತಿವಾದ್ಯಗಳ ಪ್ರಭಾವಳಿ ಇರುತ್ತದೆ. ಯೂದನಿಗೂ ಉಳಿದವರಿಗೂ ಬರೀ ಕಂಟಿನ್ಯುಯೊ, ಎಂದರೆ ಆರ್ಗನ್ ಮತ್ತು ಚೆಲ್ಲೊ. ಆ ವ್ಯತ್ಯಾಸವನ್ನು ಮೊದಲೇ ಹೇಳಿಟ್ಟರೆ ಎಲ್ಲರ ಕಿವಿಗೂ ಸಿಗುತ್ತದೆ. ಮೂರೂ ಸೇರಿ ಸುಮಾರು 6 ನಿಮಿಷ.

27ರ ಎರಡನೆಯ ಭಾಗ ಬಂಧನದ ಗಳಿಗೆಯದು: ಸಿಡಿಲು ಗುಡುಗುಗಳೆಲ್ಲ ಎಲ್ಲಿ ಮಾಯವಾದವು, ನರಕವೇ ಬಾಯಿ ತೆರೆದು ಈ ದ್ರೋಹಿಯನ್ನು ನುಂಗು ಎಂದು ಎರಡೂ ಮೇಳಗಳು ಅಬ್ಬರಿಸುತ್ತವೆ. ಇದನ್ನು ಹಾಕಿದರೆ 42ನ್ನು ಹಾಕಲೇಬೇಕು, ಇಲ್ಲದಿದ್ದರೆ ಬಾಖ್‌ನ ಅರ್ಧ ಮಾತು ಮಾತ್ರ ಕೇಳಿಸಿದಂತೆ. 41ರಲ್ಲಿ ಯೂದ ‘ನಿರಪರಾಧಿಯ ರಕ್ತವನ್ನು ಒಪ್ಪಿಸಿಕೊಟ್ಟೆ’ ಎನ್ನುತ್ತಾನೆ, ಪುರೋಹಿತರು ‘ನಮಗೇನು? ನೀನೇ ನೋಡಿಕೋ’ ಎನ್ನುತ್ತಾರೆ, ಅವನು ಹೋಗಿ ನೇಣು ಹಾಕಿಕೊಳ್ಳುತ್ತಾನೆ. ಅದಾದ ಕೂಡಲೇ ಬರುವುದು ಜಿ ಮೇಜರ್‌ನ ಬೆಳಕಿನ ಬಾಸ್ ಏರಿಯ (ತಗ್ಗು ದನಿಯ ಗಂಡಸೊಬ್ಬ ಹಾಡುವ ಗೀತೆ), ಜತೆಗೆ ಓಡುವ ಒಂಟಿ ಪಿಟೀಲು. ಕಲ್ಲುಹಾಸಿನ ಮೇಲೆ ನಾಣ್ಯ ಚೆಲ್ಲಿದಂತೆ ಅದು ಕೇಳುತ್ತದೆ. ‘ನನ್ನ ಯೇಸುವನ್ನು ನನಗೆ ಹಿಂದಿರುಗಿಸಿ’ ಎಂದು ಪುರೋಹಿತರನ್ನು ಕೇಳುವ ಈ ಹಾಡಿನಲ್ಲಿ ಪಿಕಾಂಡರ್ ಯೂದನಿಗೆ ಇಟ್ಟ ಹೆಸರು ‘ಡೆರ್ ಫೆರ್ಲೋರ್ನೆ ಝೋನ್’. ಲೂಕ 15ರ ತಪ್ಪಿಹೋದ ಮಗನಿಗೆ ಜರ್ಮನರು ಹೇಳುವುದು ಇದೇ ಹೆಸರನ್ನು. ಲೂಥರನ ಬೈಬಲಿನಲ್ಲಿ ಯೋಹಾನ 17:12ರ ‘ನಾಶದ ಮಗ’ನೂ ‘ಕಳೆದುಹೋದ ಮಗು’ವೇ ಆಗಿದ್ದಾನೆ, ಹಾಗಾಗಿ ಎರಡೂ ಅರ್ಥ ಕೂಡಿಕೊಂಡಿವೆ. ಕನ್ನಡ ಹಾಳೆಯಲ್ಲಿ ‘ತಪ್ಪಿಹೋದ ಮಗ’ ಎಂದೇ ಹಾಕಿ. ಅಪ್ಪ ಓಡಿಬಂದು ತಬ್ಬಿಕೊಂಡ ಆ ಮಗ ನೆನಪಾಗಲಿ. ‘ನಾಶದ ಮಗ’ ಎಂದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಏರಿಯ ಸುಮಾರು 3 ನಿಮಿಷ.

ಯೋಹಾನ ಪ್ಯಾಶನ್‌ನಲ್ಲಿ ಯೂದನನ್ನು ಹುಡುಕಬೇಡಿ. ಅಲ್ಲಿ ಅವನಿಗೆ ಹಾಡುವ ಒಂದು ಸಾಲೂ ಇಲ್ಲ.

ಪದಮೂಲ ಉತ್ತರ:

ಪದದ ಪ್ರಶ್ನೆಗೆ. ಗ್ರೀಕಿನಲ್ಲಿ ಯೂದ ಮಾಡಿದ್ದಕ್ಕೆ ಇರುವ ಕ್ರಿಯಾಪದ ‘ಪಾರಾದಿದೋಮಿ’. ಅರ್ಥ: ಕೈಗೆ ಕೊಡು, ಒಪ್ಪಿಸು. ‘ದ್ರೋಹಿ’ ಎಂಬ ಖಚಿತ ನಾಮಪದ ಯೂದನಿಗೆ ಅಂಟಿರುವುದು ನಾಲ್ಕು ಸುವಾರ್ತೆಗಳಲ್ಲಿ ಒಂದೇ ಕಡೆ, ಲೂಕ 6:16ರಲ್ಲಿ. ಉಳಿದ ಕಡೆಯೆಲ್ಲ ‘ಒಪ್ಪಿಸಿದವನು’.

ಇದರಿಂದ ಏನಾಗುತ್ತದೆ ನೋಡಿ. ಮಾರ್ಕ 14:10ರಲ್ಲಿ ಯೂದ ಯೇಸುವನ್ನು ಮಹಾಯಾಜಕರಿಗೆ ಒಪ್ಪಿಸುತ್ತಾನೆ. 15:1ರಲ್ಲಿ ಅವರು ಪಿಲಾತನಿಗೆ ಒಪ್ಪಿಸುತ್ತಾರೆ. 15:15ರಲ್ಲಿ ಪಿಲಾತ ಶಿಲುಬೆಗೆ ಹಾಕಲು ಒಪ್ಪಿಸುತ್ತಾನೆ. ಮೂರೂ ಕಡೆ ಒಂದೇ ಕ್ರಿಯಾಪದ. ರೋಮಾಪುರದವರಿಗೆ ಬರೆದ ಪತ್ರ 8:32ರಲ್ಲಿ ದೇವರೇ ತನ್ನ ಮಗನನ್ನು ನಮಗೋಸ್ಕರ ‘ಒಪ್ಪಿಸಿಕೊಟ್ಟ’, ಅಲ್ಲೂ ಅದೇ. 1 ಕೊರಿಂಥ 11:23ರಲ್ಲಿ ಪೌಲ ‘ನಾನು ನಿಮಗೆ ಒಪ್ಪಿಸಿದ್ದು’ ಎಂದು ತನ್ನ ಬೋಧನೆಗೂ ಅದನ್ನೇ ಬಳಸಿ, ಅದೇ ವಾಕ್ಯದಲ್ಲಿ ‘ಯೇಸು ಒಪ್ಪಿಸಲ್ಪಟ್ಟ ರಾತ್ರಿ’ ಎನ್ನುತ್ತಾನೆ. ಪೌಲನ ಪತ್ರಗಳಲ್ಲಿ ಯೂದನ ಹೆಸರೇ ಇಲ್ಲ. ಲ್ಯಾಟಿನ್ನಿನ ‘ತ್ರಾದೆರೆ’ಗೂ ಈ ಎರಡು ಮುಖ ಇವೆ.

ನಮ್ಮ ಹಳೆಯ ಕನ್ನಡ ಬೈಬಲ್ ಯೂದನಿಗೆ ‘ಹಿಡುಕೊಡು’ ಎಂದೂ ದೇವರಿಗೆ ‘ಒಪ್ಪಿಸಿಕೊಡು’ ಎಂದೂ ಬಿಡಿಸಿಟ್ಟಿದೆ. ಓದುವಾಗ ಹಿತವಾಗಿದೆ. ಆದರೆ ಗ್ರೀಕಿನಲ್ಲಿದ್ದ ಕೊಂಡಿ ಕಳಚುತ್ತದೆ, ಮೇಲಾಗಿ ‘ಹಿಡಿ’ ಎಂಬ ಇನ್ನೊಂದು ಕೆಲಸ ಯೂದನ ತಲೆಗೆ ಬೀಳುತ್ತದೆ. ಮಾರ್ಕನಲ್ಲಿ ಹಿಡಿಯುವವರು ಕತ್ತಿ ದೊಣ್ಣೆ ಹಿಡಿದು ಬಂದ ಗುಂಪಿನವರು. ಯೂದ ಗುರುತು ತೋರಿಸುತ್ತಾನೆ ಅಷ್ಟೇ. ಹಾಳೆಯಲ್ಲಿ ಎಲ್ಲ ಕಡೆ ‘ಒಪ್ಪಿಸು’ ಎಂದೇ ಇಟ್ಟು ಅಡಿಗೆರೆ ಹಾಕಿ. ಲೂಕ 6:16ರಲ್ಲಿ ಮಾತ್ರ ‘ದ್ರೋಹಿ’. ಕನ್ನಡದಲ್ಲಿ ಮಗ್ಗಿ ಒಪ್ಪಿಸುವುದು, ಪಾಠ ಒಪ್ಪಿಸುವುದು ಎಂದೂ ಇದೆಯಲ್ಲ, ಅದನ್ನು ಯಾರಾದರೂ ಎತ್ತಿದರೆ ತಡೆಯಬೇಡಿ: ಪೌಲನ ವಾಕ್ಯದಲ್ಲಿ ಆ ಅರ್ಥದ ನೆರಳೂ ಇದೆ.

ಹೆಸರಿನದೂ ಹೀಗೆಯೇ. ಗ್ರೀಕಿನಲ್ಲಿ ಯಾಕೋಬನ ಮಗ ಯೆಹೂದನಿಗೂ, ಯೇಸುವಿನ ತಮ್ಮನಿಗೂ, ಇಸ್ಕರಿಯೋತನಿಗೂ ‘ಯೂದಾಸ್’ ಎಂಬ ಒಂದೇ ಹೆಸರು. ಕನ್ನಡ ಬೈಬಲ್ ಯೆಹೂದ, ಯೂದ ಎಂದು ಬೇರೆ ಮಾಡಿರುವುದರಿಂದ ನಮ್ಮ ಕಿವಿಗೆ ಇದು ಕೇಳುವುದೇ ಇಲ್ಲ. ಯುರೋಪಿನಲ್ಲಿ ಈ ಹೆಸರನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸಿ ಶತಮಾನಗಟ್ಟಲೆ ಹಿಂಸೆ ನಡೆಯಿತು. ಬಾಖ್ ಕೇಳಿಸುವ ಮೊದಲು ಇದನ್ನು ಎರಡು ನಿಮಿಷ ನೇರವಾಗಿ ಹೇಳಬೇಕು. ಮೇಜಿನ ಸುತ್ತ ಕೂತಿದ್ದ ಹದಿಮೂರು ಮಂದಿಯೂ ಯೆಹೂದ್ಯರೇ.

ತಾಳೆಗರಿ:

ತುಂಬ ಉಪಕಾರವಾಯಿತು. ಸೂಪರ್‌ಸ್ಟಾರ್‌ನಿಂದ ಯಾವ ಮೂರು ಹಾಡು ಹಾಕಲಿ? ಕ್ರಮ ಹೇಗಿರಲಿ? ಬಾಖ್‌ಗೂ ಹಿಂದಿನ ಸಂಗೀತ ಏನಾದರೂ ಬೇಕೇ? ಹುಡುಕಿದಾಗ ಹ್ಯಾಂಡೆಲ್‌ನ ‘ಜೂಡಾಸ್ ಮಕ್ಕಬೇಯಸ್’ ಸಿಕ್ಕಿತು.

ನಾಲ್ಕುದನಿ ಉತ್ತರ:

ಹ್ಯಾಂಡೆಲ್ ಬೇಡ. 1747ರ ಆ ಓರಟೋರಿಯೊದ (ಅಭಿನಯವಿಲ್ಲದೆ ಹಾಡುವ ಧಾರ್ಮಿಕ ಕಥನದ) ಯೂದ ಬೇರೆಯವನು, ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ಯೆರೂಸಲೇಮಿನ ದೇವಾಲಯವನ್ನು ಮರಳಿ ಗೆದ್ದ ಯೋಧ. ಹೆಸರು ನೋಡಿ ಪಟ್ಟಿಗೆ ಸೇರಿಸುವವರು ಬಹಳ.

ಸೂಪರ್‌ಸ್ಟಾರ್‌ಗೆ 1970ರ ಆಲ್ಬಮ್ ಬಳಸಿ, ಯೂದನಾಗಿ ಮರ್ರಿ ಹೆಡ್ ಹಾಡಿದ್ದು. 1973ರ ಚಿತ್ರದ ಧ್ವನಿಮುದ್ರಿಕೆಯಲ್ಲಿ ಹೆಚ್ಚಿನ ಹಾಡುಗಳು ಸೇರಿರುವುದರಿಂದ ಟ್ರ್ಯಾಕ್ ಸಂಖ್ಯೆ ಹೊಂದುವುದಿಲ್ಲ. ‘ಹೆವನ್ ಆನ್ ದೇರ್ ಮೈಂಡ್ಸ್’ ಇರಲೇಬೇಕು. ಓವರ್ಚರ್, ಅಂದರೆ ಆರಂಭದ ವಾದ್ಯಸಂಗೀತ ಆದ ಮೇಲೆ ಮೊದಲ ಮಾತು ಯೇಸುವಿನದಲ್ಲ, ಯೂದನದು. ಡಿ ಮೈನರ್‌ನಲ್ಲಿ ಬಿಡದೆ ಸುತ್ತುವ ಆ ಗಿಟಾರ್ ರಿಫ್ ಅನ್ನು ಗಮನಿಸಲು ಹೇಳಿ. ಮುಂದೆ ಯೇಸುವಿಗೆ ಹೊಡೆಯುವ 39 ಚಾಟಿ ಏಟು ಎಣಿಸುವಾಗ ಅದೇ ಮರಳಿ ಬರುತ್ತದೆ. ಯೂದ ಭಯಪಟ್ಟದ್ದು ಯಾವುದಕ್ಕೋ ಅದು ಅವನದೇ ರಾಗದಲ್ಲಿ ನಡೆಯುತ್ತದೆ. ಎರಡನೆಯದು ‘ಡ್ಯಾಮ್ಡ್ ಫಾರ್ ಆಲ್ ಟೈಮ್’ ಮತ್ತು ಅದಕ್ಕೆ ಅಂಟಿಕೊಂಡ ‘ಬ್ಲಡ್ ಮನಿ’. ಅದರ ಕೊನೆಗೆ ಮೇಳ ಯೂದನನ್ನು ಮೆಲ್ಲಗೆ ಶಹಬ್ಬಾಸ್ ಅನ್ನುತ್ತದೆ. ಮೂರನೆಯದು ‘ಜೂಡಾಸಸ್ ಡೆತ್’. ಅಲ್ಲಿ ಮಗ್ದಲದ ಮರಿಯಳ ಪ್ರೇಮಗೀತೆಯ ಧಾಟಿಯನ್ನು ಯೂದ ಹಾಡುತ್ತಾನೆ, ಆಮೇಲೆ ಶಹಬ್ಬಾಸ್‌ನ ಅದೇ ಧಾಟಿಯಲ್ಲಿ ಮೇಳ ಅವನಿಗೆ ವಿದಾಯ ಹೇಳುತ್ತದೆ. ಎರಡನೆಯದನ್ನು ಪೂರ್ತಿ ಕೇಳಿಸದೆ ಮಧ್ಯದಲ್ಲಿ ಕತ್ತರಿಸಿದರೆ ಈ ಹೊಂದಿಕೆ ಯಾರಿಗೂ ಸಿಗದು. ಮೂರೂ ಸೇರಿ 14 ನಿಮಿಷದ ಆಸುಪಾಸು.

ಹೋಲಿಕೆಗೆ ಇಂಗ್ಲಿಷ್ ಸಂಗೀತಕಾರ ಎಲ್ಗರ್‌ನ ‘ದಿ ಅಪೋಸಲ್ಸ್’ ಬಗ್ಗೆ ಎರಡು ಮಾತು ಸಾಕು, 1903ರ ಅಕ್ಟೋಬರ್ 14ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲು ಹಾಡಿದ್ದು. ಆರ್ಚ್‌ಬಿಷಪ್ ವೇಟ್ಲಿಯ ವಿಚಾರವನ್ನು ಹಿಡಿದು ಎಲ್ಗರ್, ಇಕ್ಕಟ್ಟಿಗೆ ಸಿಕ್ಕಿಸಿದರೆ ಗುರು ತನ್ನ ಶಕ್ತಿ ತೋರಿಸಲೇಬೇಕಾಗುತ್ತದೆ ಎಂದು ಎಣಿಸಿದ ಯೂದನನ್ನು ಚಿತ್ರಿಸಿದ. ಅವನ ಯೂದ ಗುರುವನ್ನು ಮುಂದಕ್ಕೆ ತಳ್ಳುವವನು. ರೈಸ್‌ನ ಯೂದ ಹಿಂದಕ್ಕೆ ಎಳೆಯುವವನು: ಗುಂಪು ಕೈಮೀರುತ್ತಿದೆ, ರೋಮ್ ನಮ್ಮೆಲ್ಲರನ್ನೂ ಹೊಸಕಿಹಾಕುತ್ತದೆ ಎಂಬ ಭಯ ಅವನದು. ಕಾಪ್ಟಿಕ್ ಸುವಾರ್ತೆಯ ಯೂದನಿಗೆ ಈ ರಾಜಕೀಯ ಯಾವುದೂ ಇಲ್ಲ, ಅಲ್ಲಿ ಬರೀ ನಕ್ಷತ್ರಗಳು ಮತ್ತು ಲೋಕಗಳ ಲೆಕ್ಕ. ಮೂವರನ್ನೂ ‘ಯೂದನಿಗೆ ನ್ಯಾಯ ಕೊಟ್ಟರು’ ಎಂದು ಒಂದೇ ಬುಟ್ಟಿಗೆ ಹಾಕಬೇಡಿ.

ಬಾಖ್‌ಗೂ ಹಿಂದಿನದಕ್ಕೆ ಸ್ಪೇನಿನ ಸಂಗೀತಕಾರ ವಿಕ್ಟೋರಿಯಾ ಇದ್ದಾನೆ. 1585ರಲ್ಲಿ ರೋಮಿನಲ್ಲಿ ಅಚ್ಚಾದ ಪವಿತ್ರ ವಾರದ ಸಂಗ್ರಹದಲ್ಲಿ ‘ಯೂದಾಸ್ ಮೆರ್ಕಾತೋರ್ ಪೆಸ್ಸಿಮುಸ್’, ಅಂದರೆ ‘ಕಡುಕೆಟ್ಟ ವ್ಯಾಪಾರಿ ಯೂದ’. ಮೂರೇ ನಿಮಿಷದೊಳಗೆ ಮುಗಿಯುತ್ತದೆ. ಹುಟ್ಟದಿದ್ದರೇ ಅವನಿಗೆ ಒಳ್ಳೆಯದಿತ್ತು ಎಂಬ ಮಾತು ಅಲ್ಲಿದೆ. ಹಳೆಯ ತೀರ್ಪು ಎಷ್ಟು ಗಟ್ಟಿಯಾಗಿತ್ತೆಂದು ಕಿವಿಗೆ ಬಿದ್ದ ಮೇಲೇ 42ರ ‘ತಪ್ಪಿಹೋದ ಮಗ’ನ ತೂಕ ಗೊತ್ತಾಗುವುದು.

ಹಳೇಹಾಳೆ ಉತ್ತರ:

ಕ್ರಮ ಹೀಗಿದ್ದರೆ ಸರಿಹೋಗುತ್ತದೆ. ಮೊದಲ 20 ನಿಮಿಷ ಬೈಬಲ್ ಓದು, ಮಾರ್ಕನಿಂದ ಶುರು, ಏಕೆಂದರೆ ಅದು ಎಲ್ಲಕ್ಕಿಂತ ಹಳೆಯದು. ಅಲ್ಲಿ ಯೂದನಿಗೆ ಕಾರಣವೂ ಇಲ್ಲ, 30ರ ಲೆಕ್ಕವೂ ಇಲ್ಲ, ಸಾವೂ ಇಲ್ಲ. 30 ನಾಣ್ಯ ಮತ್ತಾಯ ಒಬ್ಬನದೇ. ಸೈತಾನ ಹೊಕ್ಕನೆಂಬುದು ಲೂಕ ಮತ್ತು ಯೋಹಾನರದು. ಹಣದ ಚೀಲದ ಕಳ್ಳ ಯೋಹಾನನವನು, ಅಲ್ಲಿ ಮುತ್ತಿಡುವುದೇ ಇಲ್ಲ. ಸಾವಿಗೆ ಮತ್ತಾಯ 27:3–10 ಮತ್ತು ಅಪೊಸ್ತಲರ ಕೃತ್ಯಗಳು 1:18–19ನ್ನು ಬೇರೆಬೇರೆ ಇಬ್ಬರಿಂದ ಓದಿಸಿ. ಒಂದರಲ್ಲಿ ನೇಣು, ಹೊಲ ಕೊಂಡವರು ಪುರೋಹಿತರು. ಇನ್ನೊಂದರಲ್ಲಿ ತಲೆಕೆಳಗಾಗಿ ಬಿದ್ದು ಹೊಟ್ಟೆಯೊಡೆದದ್ದು, ಹೊಲ ಕೊಂಡವನು ಯೂದನೇ. ‘ರಕ್ತದ ಹೊಲ’ ಎಂಬ ಹೆಸರಿಗೆ ಎರಡೂ ಕಡೆ ಕಾರಣ ಬೇರೆ. ‘ಹಗ್ಗ ಹರಿದು ಬಿದ್ದಿರಬೇಕು’ ಎಂದು ಯಾರಾದರೂ ಹೊಲಿಗೆ ಹಾಕಲು ಬರುತ್ತಾರೆ. ಹಾಕಗೊಡಬೇಡಿ, ಎರಡು ಬರಹಗಳನ್ನು ಎರಡಾಗಿಯೇ ಇಡಿ.

ಆಮೇಲೆ ಸೆಲ್ಸಸ್-ಓರಿಜೆನ್ 10 ನಿಮಿಷ, ರೋಮನೋಸ್ 10, ವಿಕ್ಟೋರಿಯಾ ಮತ್ತು ಬಾಖ್ 35. ವಿರಾಮ 10. ಕಾಪ್ಟಿಕ್ ಸುವಾರ್ತೆಯ 44 ಮತ್ತು 56ನೆಯ ಪುಟ 15, ಸೂಪರ್‌ಸ್ಟಾರ್ ಮಾತು ಸೇರಿ 20. ಸೂಪರ್‌ಸ್ಟಾರ್ ಅನ್ನು ಮೊದಲೇ ಹಾಕಿದರೆ ಉಳಿದದ್ದೆಲ್ಲ ಅದರ ಹಿನ್ನೆಲೆಯಂತೆ ಕಾಣತೊಡಗುತ್ತದೆ.

ತಾಳೆಗರಿ:

ರೋಮನೋಸ್ ಯಾರು? ಅದನ್ನು ಹಾಡಬಹುದೇ?

ನಾಲ್ಕುದನಿ ಉತ್ತರ:

6ನೆಯ ಶತಮಾನದ ಕವಿ. ಸಿರಿಯದ ಎಮೆಸಾದಲ್ಲಿ ಹುಟ್ಟಿ, ಬೈರೂತಿನಲ್ಲಿ ಡೀಕನ್ ಆಗಿದ್ದು, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಾಡು ಕಟ್ಟಿದವನು. ಪವಿತ್ರ ಗುರುವಾರಕ್ಕೆ ಯೂದನ ಮೇಲೆ ಗ್ರೀಕಿನಲ್ಲಿ ಒಂದು ಕೊಂಟಾಕಿಯೊನ್ ಬರೆದಿದ್ದಾನೆ, ಅಂದರೆ ಚರಣಗಳೂ ಪ್ರತಿ ಚರಣದ ಕೊನೆಗೆ ಪಲ್ಲವಿಯೂ ಇರುವ ಉಪದೇಶದ ಹಾಡು. ಗುರು ಕಾಲು ತೊಳೆದ, ತೊಳೆದ ಆ ಕಾಲಲ್ಲೇ ಓಡಿಹೋಗಿ ಮಾರಿದೆಯಲ್ಲ ಎಂದು ಚರಣಗಳು ಯೂದನನ್ನು ಬಯ್ಯುತ್ತವೆ. ಮೂಲ ರಾಗ ಉಳಿದಿಲ್ಲ, ಹೊಸದಾಗಿ ಕೂರಿಸಲು ಹೋಗಬೇಡಿ. ಒಬ್ಬರು ಚರಣ ಓದಲಿ, ಪಲ್ಲವಿಯನ್ನು ಎಲ್ಲರೂ ಕೂಡಿ ಸಾದಾ ದನಿಯಲ್ಲಿ ಹೇಳಲಿ. ಮೂರು ಚರಣ ಸಾಕು. ಪಲ್ಲವಿ ಕನ್ನಡದಲ್ಲಿ ಸುಮಾರಾಗಿ ಹೀಗೆ:

ಕರುಣಿಸು, ಕರುಣಿಸು, ನಮ್ಮನ್ನು ಕರುಣಿಸು,
ಎಲ್ಲರನ್ನೂ ತಾಳಿಕೊಳ್ಳುವವನೇ, ಎಲ್ಲರಿಗಾಗಿ ಕಾಯುವವನೇ.

ಅಚ್ಚು ಹಾಕುವಾಗ ಯಾರಾದರೂ ಇದನ್ನು ‘ಅವನನ್ನು ಕರುಣಿಸು’ ಎಂದು ತಿದ್ದಲು ಹೋಗಬಹುದು, ಹಾಡು ಯೂದನದಲ್ಲವೇ ಎಂದು. ತಿದ್ದಬೇಡಿ. ಮೂಲದಲ್ಲಿರುವುದು ‘ನಮ್ಮನ್ನು’.